ಕಾಣದ ಬ್ಯಾಟರಿ, ಕಾರಣ ಹೇಳದ ಸೂಚನೆ

ಕೀಲಿ ತಿರುಗಿಸಿದಾಗ ಕಾರಿನ ಎಂಜಿನ್ ತಿರುಗದೆ ಬರೀ 'ಟಕ್ ಟಕ್' ಸದ್ದು ಬಂದರೆ ಬ್ಯಾಟರಿ ಇಳಿದಿದೆ ಎಂದು ನೀವು ಊಹಿಸುತ್ತೀರಿ. ಆಗ ಇನ್ನೊಂದು ವಾಹನದ ಬ್ಯಾಟರಿಯಿಂದ ಎರಡು ದಪ್ಪ ಕೇಬಲ್‌ಗಳ ಮೂಲಕ ವಿದ್ಯುತ್ತನ್ನು ಎರವಲು ಪಡೆದು ಎಂಜಿನ್ ಚಾಲೂ ಮಾಡುವುದುಂಟು. ಇದೇ ಜಂಪ್ ಸ್ಟಾರ್ಟ್. ನೋಡಲು ಇದು ಗ್ಯಾರೇಜಿನ ಕೆಲಸ. ಆದರೆ ನಾವು ಪಿಯುಸಿಯಲ್ಲಿ ಕಲಿಸುವ ವಿದ್ಯುತ್ ಪ್ರವಾಹದ ಪಾಠವೆಲ್ಲ ಇದರಲ್ಲಿ ಅಡಗಿದೆ. ಹಾಗಿದ್ದೂ ಆ ಪಾಠ ಓದಿದವರಿಗೆ ಈ ಕೆಲಸ ಏಕೆ ತಿಳಿಯುವುದಿಲ್ಲ? ಈ ಕೆಲಸಕ್ಕೆಂದು ಬರೆದ ಕೈಪಿಡಿಗಳು ಏಕೆ ಸಾಲುವುದಿಲ್ಲ? ಈ ಲೇಖನದಲ್ಲಿ ಎರಡನ್ನೂ ಪರೀಕ್ಷಿಸೋಣ. ನನ್ನ ಆಕ್ಷೇಪ ಇಷ್ಟೇ: ಕೈಪಿಡಿಯಲ್ಲಿ ನಿಯಮವಿದೆ, ಕಾರಣವಿಲ್ಲ, ಪಠ್ಯದಲ್ಲಿ ಕಾರಣವಿದೆ, ವಸ್ತುವಿಲ್ಲ.

ಉಣಕಲ್ ಕೆರೆಯ ಬಳಿ ಒಂದು ಸಂಜೆ

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ದಿನ ಸ್ನೇಹಿತರ ಕಾರಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಮದುವೆಗೆ ಹೋಗಿದ್ದೆವು. ದಾರಿಯಲ್ಲಿ ಜೋರು ಮಳೆ ಬಂದಿದ್ದರಿಂದ ಮುಂದೀಪ ಹಚ್ಚಿದ್ದರು. ಉಣಕಲ್ ಕೆರೆಯ ಸಮೀಪ ಕಾರು ನಿಲ್ಲಿಸಿದಾಗ ಅದನ್ನು ಆರಿಸಲು ಮರೆತರು. 55 ವಾಟ್‌ನ ಎರಡು ದೀಪಗಳೆಂದರೆ 110 ವಾಟ್. 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್; ಹಿಂದಿನ ಸಣ್ಣ ದೀಪಗಳೂ ಸೇರಿ 10 ಎನ್ನೋಣ. 70 ಆಂಪಿಯರ್-ಗಂಟೆಯ ಬ್ಯಾಟರಿ ಈ ಲೆಕ್ಕದಲ್ಲಿ 7 ಗಂಟೆಗೆ ಬರಿದು. ನಾವು ಊಟ, ಮಾತುಕತೆ ಮುಗಿಸಿ ಮರಳಿದ್ದು ಸಂಜೆ ಆರಕ್ಕೆ.

ಬಾನೆಟ್ ಎತ್ತಿದೆವು. ಬ್ಯಾಟರಿ ಇರಲಿಲ್ಲ! ಕೈಪಿಡಿ ತೆರೆದಾಗ ಅದು ಡಿಕ್ಕಿಯಲ್ಲಿದೆ ಎಂದು ಗೊತ್ತಾಯಿತು. ಆದರೆ ಡಿಕ್ಕಿಯ ಬೀಗ ವಿದ್ಯುತ್ತಿನದು; ಬ್ಯಾಟರಿ ಇಳಿದಿದ್ದರಿಂದ ಅದು ತೆರೆಯಲೊಲ್ಲದು. ಬ್ಯಾಟರಿ ಮುಟ್ಟಲು ಡಿಕ್ಕಿ ತೆರೆಯಬೇಕು, ಡಿಕ್ಕಿ ತೆರೆಯಲು ಬ್ಯಾಟರಿ ಬೇಕು. ದಬ್ಬಿ ಚಾಲೂ ಮಾಡೋಣವೆಂದರೆ ಅದು ಆಟೊಮ್ಯಾಟಿಕ್ ಗೇರಿನ ಕಾರು. ಅಂಥ ಕಾರನ್ನು ಎಷ್ಟು ದಬ್ಬಿದರೂ ಚಕ್ರದ ತಿರುಗುವಿಕೆ ಎಂಜಿನ್‌ಗೆ ಮುಟ್ಟುವುದಿಲ್ಲ.

ಅಷ್ಟರಲ್ಲಿ ಒಬ್ಬ ಲಾರಿ ಚಾಲಕ ನಿಂತು ವಿಚಾರಿಸಿದ. ನಿನ್ನ ಬ್ಯಾಟರಿಯಿಂದ ಕೊಡಪ್ಪಾ ಎಂದು ನನ್ನ ಸ್ನೇಹಿತರು ಕೇಳಿದರು. ಆತ ತಲೆಯಾಡಿಸಿದ: "ನಮ್ದು ಇಪ್ಪತ್ನಾಲ್ಕು ವೋಲ್ಟಿಂದೈತ್ರಿ ಸರ್. ನಿಮ್ಮ ಗಾಡಿಗೆ ಹಚ್ಚಿದ್ರ ಸುಟ್ಟ ಹೋಗ್ತೈತಿ." ಮದುವೆಗೆ ಬಂದಿದ್ದ ಇನ್ನೊಬ್ಬರ ಕಾರಿನಲ್ಲಿ ಕೇಬಲ್ ಇತ್ತು. ಅದನ್ನು ಎಲ್ಲಿ ಹಚ್ಚಬೇಕೆಂದು ತೋರಿಸಿದವನೂ ಆ ಚಾಲಕನೇ. ಎಂಜಿನ್‌ನ ಪಕ್ಕದಲ್ಲಿ ಕೂಡಿಸುವ ಚಿಹ್ನೆಯಿದ್ದ ಒಂದು ಕೆಂಪು ಪ್ಲಾಸ್ಟಿಕ್ ಮುಚ್ಚಳವನ್ನು ಎತ್ತಿದ. ಒಳಗೆ ಒಂದು ದಪ್ಪ ಲೋಹದ ಮೊಳೆ ಇತ್ತು.

ಸ್ನೇಹಿತರ ಅಣ್ಣನ ಮಗ ಜೊತೆಗಿದ್ದ. ಅದೇ ವರ್ಷ ಪಿಯುಸಿ ಭೌತಶಾಸ್ತ್ರದಲ್ಲಿ ತುಂಬ ಒಳ್ಳೆಯ ಅಂಕ ಪಡೆದವನು. ಅವನು ಕೇಳಿದ: "ಸರ್, ಬ್ಯಾಟರಿ ಹಿಂದ ಐತಿ. ಇಲ್ಲಿ ಮುಂದ ಹಚ್ಚಿದ್ರ ಹ್ಯಾಂಗ್ರಿ ಚಾಲೂ ಆಗ್ತದ?" ಹತ್ತು ನಿಮಿಷದಲ್ಲಿ ಕಾರು ಚಾಲೂ ಆಯಿತು. ಆದರೆ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಅವನ ದಡ್ಡತನವಲ್ಲ, ನಮ್ಮ ಬೋಧನೆಯ ಫಲ.

ಬ್ಯಾಟರಿ ಮರೆಯಾದದ್ದೇಕೆ?

ಸೀಸ-ಆಮ್ಲ ಬ್ಯಾಟರಿ ಭಾರದ ವಸ್ತು. ಕಾರಿನದು ಸಾಮಾನ್ಯವಾಗಿ 10ರಿಂದ 25 ಕಿಲೋಗ್ರಾಂ ತೂಗುತ್ತದೆ. ಎಂಜಿನ್ ಮುಂದಿರುವ ಕಾರಿನಲ್ಲಿ ಬ್ಯಾಟರಿಯನ್ನು ಹಿಂದಿಟ್ಟರೆ ಎರಡೂ ಅಚ್ಚುಗಳ ಮೇಲೆ ಭಾರ ಸಮವಾಗಿ ಹಂಚಿಕೆಯಾಗುತ್ತದೆ. ಎಂಜಿನ್‌ನ ಬಿಸಿಯಿಂದ ದೂರವಿದ್ದರೆ ಅದರ ಬಾಳಿಕೆಯೂ ಹೆಚ್ಚು. ಬಿಎಂಡಬ್ಲ್ಯು ಕಂಪನಿಯ ಅನೇಕ ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುವುದು ಇದರಿಂದಲೇ. ಬಿಡದಿಯಲ್ಲಿ 2013ರಿಂದ ಜೋಡಿಸಲಾದ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಕಾರಿನ 12 ವೋಲ್ಟ್ ಬ್ಯಾಟರಿಯೂ ಡಿಕ್ಕಿಯಲ್ಲಿಯೇ ಇತ್ತು.

ಇದು ಸಿರಿವಂತರ ಕಾರಿನ ಸಮಸ್ಯೆ ಮಾತ್ರ ಎಂದು ತಿಳಿಯಬೇಡಿ. 2009ರಲ್ಲಿ ಬಂದ ಟಾಟಾ ನ್ಯಾನೋ ನೆನಪಿದೆಯಲ್ಲ? 2008ರಲ್ಲಿ ಸಿಂಗೂರಿನಿಂದ ಆ ಕಾರ್ಖಾನೆ ಹೊರಟಾಗ ಅದು ನಮ್ಮ ಧಾರವಾಡಕ್ಕೆ ಬರಬಹುದೆಂಬ ಮಾತಿತ್ತು. ಕೊನೆಗೆ ಗುಜರಾತಿನ ಸಾಣಂದಕ್ಕೆ ಹೋಯಿತು. ಆ ಅಗ್ಗದ ಕಾರಿನಲ್ಲಿ ಎಂಜಿನ್ ಹಿಂದೆ, ಬ್ಯಾಟರಿ ಮುಂದಿನ ಆಸನದ ಕೆಳಗೆ. ಮುಂದಿನ ಬಾನೆಟ್ ಎತ್ತಿದವನಿಗೆ ಎಂಜಿನ್ನೂ ಇಲ್ಲ, ಬ್ಯಾಟರಿಯೂ ಇಲ್ಲ!

ಆದ್ದರಿಂದ ಬ್ಯಾಟರಿಯನ್ನು ಮರೆಯಲ್ಲಿಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅದಕ್ಕೆ ತಾಂತ್ರಿಕ ಕಾರಣಗಳಿವೆ. ಮರೆಯಲ್ಲಿಟ್ಟ ಮೇಲೆ, ಬ್ಯಾಟರಿ ಕಣ್ಣೆದುರಿಗೆ ಇದ್ದ ಕಾಲದ ಸೂಚನೆಗಳನ್ನೇ ಕೊಡುವುದು ತಪ್ಪು.

ನಾಲ್ಕು ಸಾಲಿನ ಮಂತ್ರ

ನಾನು ನೋಡಿದ ಕೈಪಿಡಿಗಳಲ್ಲೆಲ್ಲ ಇರುವ ಕ್ರಮ ಹೆಚ್ಚುಕಡಿಮೆ ಒಂದೇ. ಒಂದು, ಕೆಂಪು ಕೇಬಲ್‌ನ ಒಂದು ತುದಿ ಇಳಿದ ಬ್ಯಾಟರಿಯ ಧನ ಧ್ರುವಕ್ಕೆ. ಎರಡು, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಧನ ಧ್ರುವಕ್ಕೆ. ಮೂರು, ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೆಯ ಬ್ಯಾಟರಿಯ ಋಣ ಧ್ರುವಕ್ಕೆ. ನಾಲ್ಕು, ಕೊನೆಯ ತುದಿ ನಿಂತ ಕಾರಿನ ಎಂಜಿನ್‌ನ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕ್ರಮ ಸರಿಯಾಗಿಯೇ ಇದೆ. ಬ್ಯಾಟರಿ ಸಿಡಿಯಬಹುದೆಂಬ ಎಚ್ಚರಿಕೆಯೂ ಪಕ್ಕದಲ್ಲಿರುತ್ತದೆ. ಆದರೆ ಎಚ್ಚರಿಕೆಗೂ ಕ್ರಮಕ್ಕೂ ಇರುವ ಸಂಬಂಧವನ್ನು ಯಾರೂ ಹೇಳುವುದಿಲ್ಲ. ಇನ್ನು ಈ ಕೈಪಿಡಿಗಳಲ್ಲಿ ಒಂದೂ ಕನ್ನಡದಲ್ಲಿರಲಿಲ್ಲ.

ಕಾರಣ ತಿಳಿಯದವನಿಗೆ ನಾಲ್ಕನೆಯ ಸಾಲು ಅಸಂಬದ್ಧವಾಗಿ ಕಾಣುತ್ತದೆ. ಮೂರು ತುದಿಗಳು ಬ್ಯಾಟರಿಗೆ, ನಾಲ್ಕನೆಯದು ಮಾತ್ರ ಕಬ್ಬಿಣಕ್ಕೇಕೆ? ಅವನು ತನ್ನ ಬುದ್ಧಿ ಉಪಯೋಗಿಸಿ ಅದನ್ನೂ ಬ್ಯಾಟರಿಗೇ ಹಚ್ಚುತ್ತಾನೆ. ಬಹಳ ಸಲ ಏನೂ ಆಗುವುದಿಲ್ಲ. ಆಗುವ ಒಂದು ಸಲ ಕಣ್ಣು ಹೋಗಬಹುದು.

ಈಗ ಕಾರಣಗಳನ್ನು ನೋಡೋಣ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣ ಧ್ರುವವನ್ನು ಕಾರಿನ ಲೋಹದ ದೇಹಕ್ಕೆ ಜೋಡಿಸಿರುತ್ತಾರೆ. ಗ್ಯಾರೇಜಿನವರು ಇದನ್ನು 'ಬಾಡಿ ಅರ್ಥ್' ಎನ್ನುತ್ತಾರೆ. ಅಂದರೆ ಇಡೀ ದೇಹವೇ ಒಂದು ದೊಡ್ಡ ಋಣ ಧ್ರುವ. ಕಪ್ಪು ಕೇಬಲ್ ಮೊದಲು ಹಚ್ಚಿ ಎರಡು ಕಾರುಗಳ ದೇಹಗಳನ್ನು ಕೂಡಿಸಿದಿರಿ ಎನ್ನಿ. ಆಮೇಲೆ ಒಳ್ಳೆಯ ಬ್ಯಾಟರಿಗೆ ಹಚ್ಚಿದ ಕೆಂಪು ಕೇಬಲ್‌ನ ಬಿಡಿ ತುದಿ ಯಾವ ಕಾರಿನ ಯಾವ ಲೋಹಕ್ಕೆ ತಾಗಿದರೂ ಬ್ಯಾಟರಿ ಶಾರ್ಟ್ ಆಗುತ್ತದೆ. ಕೆಂಪನ್ನು ಮೊದಲು ಎರಡೂ ಕಡೆ ಭದ್ರಪಡಿಸಿದರೆ ಈ ಭಯವಿಲ್ಲ. ಉಳಿದ ಕಪ್ಪು ತುದಿ ತನ್ನ ಕಾರಿನ ಲೋಹಕ್ಕೆ ತಾಗಿದರೆ ಏನೂ ಆಗದು.

ಕೊನೆಯ ತುದಿಯನ್ನು ಮುಟ್ಟಿಸಿದ ಕ್ಷಣದಲ್ಲಿ ಮಂಡಲ ಪೂರ್ಣವಾಗುತ್ತದೆ. ಆಗ ಕಿಡಿ ಹಾರುವುದು ಸಹಜ. ಸೀಸ-ಆಮ್ಲ ಬ್ಯಾಟರಿಗೆ ವಿದ್ಯುತ್ ತುಂಬುವಾಗ ನೀರು ವಿಭಜನೆಯಾಗಿ ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳು ಹೊರಬೀಳುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಪ್ರಮಾಣ ಶೇಕಡ 4ರಿಂದ 75ರವರೆಗೆ ಇದ್ದರೆ ಕಿಡಿ ತಗುಲಿ ಅದು ಹೊತ್ತಿಕೊಳ್ಳಬಲ್ಲುದು. ಬ್ಯಾಟರಿ ಸಿಡಿದರೆ ಅದರೊಳಗಿನ ಗಂಧಕಾಮ್ಲ ಮುಖಕ್ಕೆ ಎರಚುತ್ತದೆ. ಕಿಡಿಯನ್ನು ತಪ್ಪಿಸಲಾಗದು, ಅನಿಲವಿರುವ ಜಾಗದಿಂದ ದೂರ ಇಡಬಹುದು. ನಾಲ್ಕನೆಯ ಸಾಲಿನ ಅರ್ಥ ಇಷ್ಟೇ.

ಈಗ ಇದೇ ಕಾರಣವನ್ನು ಮರೆಯಲ್ಲಿರುವ ಬ್ಯಾಟರಿಗೆ ಅನ್ವಯಿಸಿ. ಆಸನದ ಕೆಳಗೆ ಅಥವಾ ಡಿಕ್ಕಿಯಲ್ಲಿ ಗಾಳಿಯಾಡುವುದು ಕಡಿಮೆ. ಡಿಕ್ಕಿಯ ಬ್ಯಾಟರಿಗೆ ಅನಿಲ ಹೊರಹೋಗಲು ಒಂದು ಸಣ್ಣ ಕೊಳವೆ ಇಟ್ಟಿರುತ್ತಾರೆ. ಬ್ಯಾಟರಿ ಬದಲಿಸುವಾಗ ಅದನ್ನು ಮತ್ತೆ ಜೋಡಿಸಲು ಮರೆಯಬಾರದು. ಆಸನದ ಚೌಕಟ್ಟು ಲೋಹದ್ದು. ಅದೂ 'ಬಾಡಿ ಅರ್ಥ್'. ಇಕ್ಕಟ್ಟಿನಲ್ಲಿ ಕೆಂಪು ಕ್ಲಿಪ್ ಅದಕ್ಕೆ ತಾಗಿದರೆ ಕಾರಿನೊಳಗೇ ಶಾರ್ಟ್. ಹಾಗಾಗಿ ಕಾಣುವ ಬ್ಯಾಟರಿಗಿಂತ ಕಾಣದ ಬ್ಯಾಟರಿಯಲ್ಲಿ ಈ ನಿಯಮ ಹೆಚ್ಚು ಮುಖ್ಯ. ಇನ್ನೊಂದು ಹೊಸ ಕಾರಣವೂ ಸೇರಿದೆ. ಈಚಿನ ಅನೇಕ ಕಾರುಗಳಲ್ಲಿ ಋಣ ಧ್ರುವದ ಮೇಲೆಯೇ ಪ್ರವಾಹ ಅಳೆಯುವ ಸಂವೇದಕವಿರುತ್ತದೆ. ಧ್ರುವಕ್ಕೆ ನೇರವಾಗಿ ಕ್ಲಿಪ್ ಹಾಕಿದರೆ ಪ್ರವಾಹ ಅದನ್ನು ಬಳಸಿಕೊಂಡು ಹೋಗಿ ಲೆಕ್ಕ ತಪ್ಪುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ

ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿಗೆ, ನಮ್ಮ ಕಡೆ ಹೇಳುವಂತೆ 'ಸೆಲ್ಫ್'ಗೆ, ಒಂದು ದಪ್ಪ ಕೇಬಲ್ ಹೋಗುತ್ತದೆ. ಕೆಂಪು ಮುಚ್ಚಳದ ಕೆಳಗಿನ ಮೊಳೆ ಆ ಕೇಬಲ್ಲಿಗೆ ಜೋಡಿಸಿದ ಒಂದು ಬಿಂದು. ಒಂದೇ ತಂತಿಯ ಮೇಲಿನ ಬಿಂದುಗಳೆಲ್ಲ ಒಂದೇ ವಿಭವದಲ್ಲಿರುತ್ತವೆ ಎಂದು ಕರಿಹಲಗೆಯ ಮೇಲೆ ನಾವೇ ಬರೆಯುತ್ತೇವೆ. ಹಾಗಾದರೆ ವಿದ್ಯುತ್ತಿನ ದೃಷ್ಟಿಯಿಂದ ಆ ಮೊಳೆಯೇ ಬ್ಯಾಟರಿಯ ಧನ ಧ್ರುವ. ಬ್ಯಾಟರಿಯ ಪೆಟ್ಟಿಗೆ ಮರೆಯಾಗಿದೆ, ಅದರ ಧ್ರುವ ಮರೆಯಾಗಿಲ್ಲ.

ಇದು ಎಷ್ಟರಮಟ್ಟಿಗೆ ನಿಜ? ಲೆಕ್ಕ ಹಾಕಿ. ತಾಮ್ರದ ರೋಧಶೀಲತೆ ಒಂದು ಮೀಟರ್ ಉದ್ದ, ಒಂದು ಚದರ ಮಿ.ಮೀ. ದಪ್ಪದ ತಂತಿಗೆ ಸುಮಾರು 0.017 ಓಮ್. ಡಿಕ್ಕಿಯಿಂದ ಮುಂದಕ್ಕೆ 4 ಮೀಟರ್ ಉದ್ದದ 50 ಚದರ ಮಿ.ಮೀ. ಕೇಬಲ್ ಇದ್ದರೆ ರೋಧ 0.0014 ಓಮ್. 150 ಆಂಪಿಯರ್ ಹರಿದಾಗ ಅದರಲ್ಲಿ ನಷ್ಟವಾಗುವುದು 0.2 ವೋಲ್ಟ್ ಮಾತ್ರ.

ಈಗ ಜಂಪರ್ ಕೇಬಲ್ ನೋಡಿ. ಎರಡು ಕೇಬಲ್ ಸೇರಿ 6 ಮೀಟರ್, ದಪ್ಪ 16 ಚದರ ಮಿ.ಮೀ. ಆದರೆ ರೋಧ 0.0064 ಓಮ್, 150 ಆಂಪಿಯರ್‌ಗೆ ನಷ್ಟ ಸುಮಾರು 1 ವೋಲ್ಟ್. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿ.ಮೀ. ತಂತಿಯನ್ನೇ ಬಳಸಿದರೆ? ರೋಧ 0.041 ಓಮ್, ಅಷ್ಟೇ ಪ್ರವಾಹ ಬೇಕಾದರೆ 6 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. 900 ವಾಟ್‌ಗೂ ಮಿಕ್ಕಿದ ಶಾಖ ಅದನ್ನು ಕರಗಿಸುತ್ತದೆ. ಕೆಂಪು ಮುಚ್ಚಳ ಕಾಣದೆ ಫ್ಯೂಸ್ ಪೆಟ್ಟಿಗೆಯ ಯಾವುದೋ ಸಣ್ಣ ತಂತಿಗೆ ಕ್ಲಿಪ್ ಹಾಕುವವರಿಗೂ ಇದೇ ಗತಿ. ಧನ ವಿಭವ ಅಲ್ಲಿಯೂ ಇದೆ. ಆದರೆ ಆ ತಂತಿಗೆ ಅಷ್ಟು ಪ್ರವಾಹ ಹೊರುವ ಶಕ್ತಿ ಇಲ್ಲ. ಆದ್ದರಿಂದ ತಯಾರಕರು ಗುರುತಿಸಿದ ಬಿಂದುವನ್ನೇ ಹುಡುಕಬೇಕು.

ಕೇಬಲ್ ಹಚ್ಚಿ ಐದು-ಹತ್ತು ನಿಮಿಷ ಸಹಾಯದ ಕಾರಿನ ಎಂಜಿನ್ ಓಡಲು ಬಿಡುವುದರ ಮರ್ಮವೂ ಈಗ ತಿಳಿಯುತ್ತದೆ. ಆ ಹೊತ್ತಿನಲ್ಲಿ ಇಳಿದ ಬ್ಯಾಟರಿ ಸ್ವಲ್ಪ ತುಂಬಿಕೊಳ್ಳುತ್ತದೆ. ಸೆಲ್ಫ್ ಹೊಡೆದಾಗ ಅದೂ ತನ್ನ ಪಾಲು ಕೊಡುವುದರಿಂದ ಕೇಬಲ್ ಮೇಲಿನ ಹೊರೆ ಇಳಿಯುತ್ತದೆ. ಕ್ಯಾಮ್ರಿಯಂಥ ಹೈಬ್ರಿಡ್ ಕಾರಿನಲ್ಲಿ ಲೆಕ್ಕ ಇನ್ನೂ ಬೇರೆ. ಅಲ್ಲಿ 12 ವೋಲ್ಟ್ ಬ್ಯಾಟರಿ ಎಂಜಿನ್ ತಿರುಗಿಸುವುದಿಲ್ಲ, ಗಣಕಗಳನ್ನೂ ರಿಲೇಗಳನ್ನೂ ಎಚ್ಚರಿಸುತ್ತದೆ ಅಷ್ಟೇ; ಎಂಜಿನ್ ತಿರುಗಿಸುವುದು ಬೇರೆಯೇ ಆದ ಹೆಚ್ಚು ವೋಲ್ಟೇಜಿನ ಬ್ಯಾಟರಿ. ಹಾಗಾಗಿ ಅಲ್ಲಿ ಎರವಲು ಬೇಕಾದ ಪ್ರವಾಹ ಬಹಳ ಕಡಿಮೆ.

ಪಠ್ಯದ 0.4 ಓಮ್

ಈಗ ನಮ್ಮ ಪಠ್ಯಕ್ಕೆ ಬರೋಣ. ಎನ್‌ಸಿಇಆರ್‌ಟಿ 2006ರಲ್ಲಿ ಪ್ರಕಟಿಸಿದ, ನಮ್ಮ ದ್ವಿತೀಯ ಪಿಯುಸಿಯಲ್ಲಿ ಮುಂದೆ ಬಳಕೆಗೆ ಬಂದ ಭೌತಶಾಸ್ತ್ರ ಪುಸ್ತಕದ ಮೂರನೆಯ ಅಧ್ಯಾಯದ ಮೊದಲ ಅಭ್ಯಾಸ ಕಾರಿನ ಬ್ಯಾಟರಿಯ ಬಗ್ಗೆಯೇ ಇದೆ. ವಿದ್ಯುಚ್ಚಾಲಕ ಬಲ 12 ವೋಲ್ಟ್, ಆಂತರಿಕ ರೋಧ 0.4 ಓಮ್, ಪಡೆಯಬಹುದಾದ ಗರಿಷ್ಠ ಪ್ರವಾಹ ಎಷ್ಟು? 12ನ್ನು 0.4ರಿಂದ ಭಾಗಿಸಿ 30 ಆಂಪಿಯರ್ ಎಂದು ವಿದ್ಯಾರ್ಥಿ ಬರೆಯುತ್ತಾನೆ. ನಾನೂ ಎಷ್ಟೋ ವರ್ಷ ಇದಕ್ಕೆ ಪೂರ್ಣ ಅಂಕ ಕೊಟ್ಟಿದ್ದೇನೆ.

ಈ ಬ್ಯಾಟರಿಯನ್ನು ಒಂದು ಕಾರಿಗೆ ಕೂಡಿಸಿ ನೋಡಿ. 30 ಆಂಪಿಯರ್ ಸಿಗುವುದು ಧ್ರುವಗಳನ್ನು ಶಾರ್ಟ್ ಮಾಡಿದಾಗ. ಆಗ ಹೊರಗೆ ಸಿಗುವ ಸಾಮರ್ಥ್ಯ ಸೊನ್ನೆ. ಹೊರಗಿನ ರೋಧವೂ 0.4 ಓಮ್ ಇದ್ದಾಗ ಗರಿಷ್ಠ ಸಾಮರ್ಥ್ಯ ಸಿಗುತ್ತದೆ: 15 ಆಂಪಿಯರ್, 6 ವೋಲ್ಟ್, ಅಂದರೆ 90 ವಾಟ್. ಉಣಕಲ್‌ನಲ್ಲಿ ನಾವು ಆರಿಸಲು ಮರೆತ ಎರಡು ದೀಪಗಳಿಗೇ 110 ವಾಟ್ ಬೇಕು! ಮುಂದೀಪವನ್ನೂ ಪೂರ್ಣವಾಗಿ ಉರಿಸಲಾರದ ಬ್ಯಾಟರಿ ಎಂಜಿನ್ ತಿರುಗಿಸುವುದು ಹೇಗೆ?

ಸುಸ್ಥಿತಿಯಲ್ಲಿರುವ ಬ್ಯಾಟರಿಯ ಆಂತರಿಕ ರೋಧ ಸುಮಾರು 0.01 ಓಮ್ ಅಥವಾ ಅದಕ್ಕೂ ಕಡಿಮೆ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ 150 ಆಂಪಿಯರ್ ಕೊಡುವಾಗ 11.1 ವೋಲ್ಟಿಗೆ ಇಳಿಯುತ್ತದೆ. ಆಗ ಹೊರಗೆ ಸಿಗುವುದು ಸುಮಾರು 1,660 ವಾಟ್. ಅದೇ ಬ್ಯಾಟರಿ ಶಾರ್ಟ್ ಆದರೆ ಲೆಕ್ಕದ ಪ್ರಕಾರ ಸಾವಿರ ಆಂಪಿಯರ್ ದಾಟುತ್ತದೆ. ಸ್ಪ್ಯಾನರ್ ಕೆಂಪಗೆ ಕಾಯುವಷ್ಟು! 30 ಆಂಪಿಯರ್ ಎಂದು ಕಲಿತ ಹುಡುಗನಿಗೆ ಬ್ಯಾಟರಿಯ ಶಾರ್ಟ್ ಅಷ್ಟೇನೂ ಭಯದ ಸಂಗತಿಯಲ್ಲ. ಲೆಕ್ಕ ಸರಿ, ಪಾಠ ಅಪಾಯಕಾರಿ.

ಲೇಖಕರಿಗೆ ಇದು ತಿಳಿಯದೆ ಇರಲಿಲ್ಲ. 2006ರ ಆವೃತ್ತಿಯಲ್ಲಿ ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಲೆಕ್ಕವಿತ್ತು. ಅದರಲ್ಲಿ ತಲಾ 0.015 ಓಮ್‌ನ ಆರು ಸೀಸ-ಆಮ್ಲ ಕೋಶಗಳು, ಒಟ್ಟು 0.09 ಓಮ್. ಬಹಳ ಬಳಸಿ ಹಳತಾದ, 380 ಓಮ್ ಆಂತರಿಕ ರೋಧದ ಕೋಶವೊಂದು ಕಾರಿನ ಸ್ಟಾರ್ಟರ್ ಮೋಟಾರನ್ನು ತಿರುಗಿಸಬಲ್ಲುದೇ ಎಂಬ ಒಳ್ಳೆಯ ಪ್ರಶ್ನೆಯೂ ಅಲ್ಲಿತ್ತು. ಸ್ಟಾರ್ಟರಿಗೆ ಸುಮಾರು 100 ಆಂಪಿಯರ್ ಬೇಕೆಂದು ಉತ್ತರದಲ್ಲಿ ಹೇಳಲಾಗಿತ್ತು. ಅಂದರೆ ಒಂದೇ ಅಧ್ಯಾಯದ ಮೊದಲ ಲೆಕ್ಕವನ್ನು ಕೊನೆಯ ಲೆಕ್ಕ ಅಲ್ಲಗಳೆಯುತ್ತದೆ. ಇದನ್ನು ನನ್ನ ತರಗತಿಯಲ್ಲಿ ಯಾರೂ ಎತ್ತಿ ತೋರಿಸಲಿಲ್ಲ, ನಾನೂ ತೋರಿಸಲಿಲ್ಲ. ಸಂಖ್ಯೆಗಳನ್ನು ಸೂತ್ರದಲ್ಲಿ ಹಾಕುವುದಷ್ಟೇ ಕೆಲಸವೆಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

ಲಾರಿ ಚಾಲಕನ ಭೌತಶಾಸ್ತ್ರ

ಆ ಚಾಲಕನ ಮಾತನ್ನು ಮತ್ತೆ ನೆನೆಯೋಣ. ನಮ್ಮ ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಕೂಡಿಸಿರುತ್ತಾರೆ. ಕೆಲವು ಮೆಕ್ಯಾನಿಕ್‌ಗಳು ಅವುಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಪಡೆಯುವುದುಂಟು. ಯಾವ ಒಂದು ಎಂಬುದು ಇಲ್ಲಿ ಪ್ರಶ್ನೆ. ಲಾರಿಯ ದೇಹಕ್ಕೆ ಕೂಡಿರುವ ಬ್ಯಾಟರಿಯಾದರೆ ಸರಿ. ಮೇಲಿನದಾದರೆ ಅದರ ಋಣ ಧ್ರುವ ಲಾರಿಯ ದೇಹಕ್ಕಿಂತ 12 ವೋಲ್ಟ್ ಮೇಲಿರುತ್ತದೆ. ಅದನ್ನು ಕಾರಿನ ದೇಹಕ್ಕೆ ಹಚ್ಚಿದಾಗ ಎರಡು ವಾಹನಗಳು ಒಂದಕ್ಕೊಂದು ತಾಗಿದರೆ ಕೆಳಗಿನ ಬ್ಯಾಟರಿ ಶಾರ್ಟ್! ವಿಭವ ಎಂಬುದು ಯಾವಾಗಲೂ ಎರಡು ಬಿಂದುಗಳ ನಡುವಿನ ವ್ಯತ್ಯಾಸ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಕಣ್ಣಿಗೆ ಕಾಣದ್ದನ್ನು ಮಾಡದಿರುವುದೇ ಒಳ್ಳೆಯದೆಂದು ಆ ಚಾಲಕ ಬಿಟ್ಟ. ಅವನು ಸರಿ.

ಶಿಕ್ಷಕರು ಮಾಡಬಹುದಾದದ್ದು

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ವಾರಗಟ್ಟಲೆ ನಿಂತ ಎಷ್ಟೋ ಕಾರುಗಳ ಬ್ಯಾಟರಿ ಇಳಿದುಹೋದವು. ಕೀಲಿ ತೆಗೆದ ಮೇಲೂ ಕಾರಿನ ಗಡಿಯಾರ, ಕಳ್ಳಗಂಟೆ ಮುಂತಾದವು ಹೀರುವ ಪ್ರವಾಹ 40 ಮಿಲಿಆಂಪಿಯರ್ ಎಂದುಕೊಳ್ಳಿ. 35 ಆಂಪಿಯರ್-ಗಂಟೆಯ ಬ್ಯಾಟರಿ ಎಷ್ಟು ದಿನ ಬಾಳೀತು? 875 ಗಂಟೆ, ಸುಮಾರು 36 ದಿನ. ಸೆಲ್ಫ್ ಹೊಡೆಯಲಾರದ ಸ್ಥಿತಿ ಅದಕ್ಕೂ ಮೊದಲೇ ಬರುತ್ತದೆ. ಇಂಥ ಲೆಕ್ಕ ಕೊಡಿ. ಪಠ್ಯದ 30 ಆಂಪಿಯರ್ ಲೆಕ್ಕವನ್ನು ಬಿಡಬೇಕಾಗಿಲ್ಲ, ಉತ್ತರ ಬಂದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ಈ ಬ್ಯಾಟರಿಯಿಂದ ಕಾರು ಚಾಲೂ ಆದೀತೇ?"

ಕಾಲೇಜಿನ ಆವರಣದಲ್ಲಿ ಒಂದು ಕಾರಂತೂ ಇದ್ದೇ ಇರುತ್ತದೆ. ಬಾನೆಟ್ ತೆರೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬ್ಯಾಟರಿಯ ಧ್ರುವಗಳಿಗೆ ವೋಲ್ಟ್‌ಮೀಟರ್ ಹಚ್ಚಿ, ಸೆಲ್ಫ್ ಹೊಡೆಯುವಾಗ ಮುಳ್ಳು ಎಷ್ಟು ಇಳಿಯುತ್ತದೆ ನೋಡಿ. ಬಿಡಿ ಬಟ್ಟೆ, ಕೈಗಳು ಬೆಲ್ಟಿನಿಂದ ದೂರವಿರಲಿ. ಕ್ಲಾಂಪ್ ಮೀಟರ್ ಸಿಕ್ಕರೆ ಪ್ರವಾಹವನ್ನೂ ಅಳೆಯಬಹುದು. ಆಗ ಆಂತರಿಕ ರೋಧ ವಿದ್ಯಾರ್ಥಿಯೇ ಕಂಡುಹಿಡಿದ ಸಂಖ್ಯೆಯಾಗುತ್ತದೆ. ಆಮೇಲೆ ಕೇಳಿ: ಬ್ಯಾಟರಿ ಇಲ್ಲಿ ಕಾಣದಿದ್ದರೆ ಕೆಂಪು ಕ್ಲಿಪ್ ಎಲ್ಲಿ, ಕಪ್ಪು ಕ್ಲಿಪ್ ಎಲ್ಲಿ, ಏಕೆ?

ಕೈಪಿಡಿ ಬರೆಯುವವರಿಗೆ ನನ್ನ ಕೋರಿಕೆ ಚಿಕ್ಕದು. ಪ್ರತಿ ಸಾಲಿನ ಮುಂದೆ 'ಏಕೆಂದರೆ' ಎಂದು ಒಂದು ವಾಕ್ಯ ಸೇರಿಸಿ. ಬ್ಯಾಟರಿಯ ಜಾಗವನ್ನೂ ಡಿಕ್ಕಿ ತೆರೆಯುವ ಕೈಬೀಗದ ಜಾಗವನ್ನೂ ಮೊದಲ ಪುಟದಲ್ಲಿ ತೋರಿಸಿ. ನಮ್ಮ ಸ್ನೇಹಿತರ ಕಾರಿನ ರಿಮೋಟ್‌ನೊಳಗೇ ಡಿಕ್ಕಿಯ ಲೋಹದ ಕೀಲಿ ಅಡಗಿತ್ತು; ಅದು ಗೊತ್ತಾದದ್ದು ನಾವು ಧಾರವಾಡ ಮುಟ್ಟಿ, ಕೈಪಿಡಿಯನ್ನು ಇನ್ನೊಮ್ಮೆ ಪೂರ್ತಿ ಓದಿದ ಮೇಲೆ.

ಇನ್ನು ನೀವು, ನಿಮ್ಮ ಮನೆಯಲ್ಲಿ ಕಾರಿದ್ದರೆ, ಇಂದೇ ಹೋಗಿ ಬ್ಯಾಟರಿ ಎಲ್ಲಿದೆ ನೋಡಿ. ಕಾಣದಿದ್ದರೆ ಕೆಂಪು ಮುಚ್ಚಳ ಹುಡುಕಿ. ಅಲ್ಲಿಂದ ಸೆಲ್ಫ್‌ವರೆಗೆ, ಸೆಲ್ಫ್‌ನಿಂದ ದೇಹದ ಮೂಲಕ ಮರಳಿ ಬ್ಯಾಟರಿಯವರೆಗೆ ಪ್ರವಾಹದ ದಾರಿಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬರೆಯಲು ಬಂದರೆ ನಾಲ್ಕು ಸಾಲಿನ ಕ್ರಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.